ಮತ್ತೆ ಅದೇ ಆಟ

ಕಳೆದುಹೋದ ದಿನವೊಂದು ಮರಳಿ ಬಂದರೆ ಹೇಗಿದ್ದೀತು ಎಂಬ ಯೋಚನೆ ಮನುಷ್ಯನಿಗೆ ಹೊಸದಲ್ಲ. ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದು ಬಂದ ವಿದ್ಯಾರ್ಥಿ, ಸಿಟ್ಟಿನ ಭರದಲ್ಲಿ ಆಡಬಾರದ ಮಾತನ್ನು ಆಡಿಬಿಟ್ಟ ಗೆಳೆಯ, ಅಂಗಳದಲ್ಲಿ ಹರವಿದ ಅಡಿಕೆಯನ್ನು ಮಳೆಗೆ ಮೊದಲು ಒಳಗೆ ತರಲು ಮರೆತ ರೈತ, ಎಲ್ಲರೂ ಒಂದಲ್ಲ ಒಂದು ಗಳಿಗೆಯಲ್ಲಿ ‘ಆ ದಿನ ಇನ್ನೊಮ್ಮೆ ಸಿಕ್ಕಿದ್ದರೆ!’ ಎಂದು ಹಂಬಲಿಸಿದವರೇ. ಆದರೆ ದಿನವು ಮರಳಿ ಬರುವುದೇ ಒಂದು ಶಿಕ್ಷೆಯಾದರೆ? ಅದು ಮರಳಿ ಬಂದಿದೆಯೆಂಬ ಸಂಗತಿ ಒಬ್ಬನಿಗೆ ಮಾತ್ರ ತಿಳಿದು, ಸುತ್ತಲಿನ ಯಾರಿಗೂ ತಿಳಿಯದೆ ಹೋದರೆ? ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದರ ಹುಡುಗನಿಗೆ ಈ ಪ್ರಶ್ನೆ ಎದುರಾದದ್ದು ಮಳೆಗಾಲದ ಒಂದು ಇರುಳಿನಲ್ಲಿ.

ಹುಡುಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಅಡಿಕೆಯ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಮಳೆ ಹಿಡಿಯಿತೆಂದರೆ ಹಳ್ಳದ ಸದ್ದಲ್ಲದೆ ಬೇರೊಂದು ಸದ್ದು ಕೇಳಿಸದು. ಆ ವರ್ಷ ಚೌತಿಯ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಚಿಕ್ಕಪ್ಪ ತನ್ನ ಲ್ಯಾಪ್‌ಟಾಪಿನಲ್ಲಿ ಅಮೆರಿಕದ ಧಾರಾವಾಹಿಯೊಂದರ ಕಂತುಗಳನ್ನು ತುಂಬಿಕೊಂಡು ತಂದಿದ್ದ. ಅದರ ಹೆಸರು ‘ಲೆಜೆಂಡ್ಸ್ ಆಫ್ ಟುಮಾರೋ’. ಅತಿಮಾನುಷ ಶಕ್ತಿಯುಳ್ಳ ವೀರರ ತಂಡವೊಂದು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಹಡಗಿನಲ್ಲಿ ಕುಳಿತು ಲೋಕವನ್ನು ಕಾಪಾಡುವ ಕಥೆ ಅದು. ಚಿಕ್ಕಪ್ಪ ಅವುಗಳಲ್ಲಿ 2018ರಲ್ಲಿ ಪ್ರಸಾರವಾದ ಒಂದು ಕಂತನ್ನು ಆರಿಸಿ ಹುಡುಗನ ಮುಂದಿಟ್ಟ.

ಕಂತಿನ ನಾಯಕಿ ಜಾರಿ ಎಂಬ ತರುಣಿ. ಗಾಳಿಯನ್ನು ಆಳುವ ಪದಕವೊಂದು ಅವಳ ಬಳಿ ಇದೆ. ತಂಡಕ್ಕೆ ಹೊಸಬಳಾದ ಅವಳಿಗೆ ಅಲ್ಲಿ ಯಾರೊಡನೆಯೂ ಹೆಚ್ಚಿನ ಒಡನಾಟವಿಲ್ಲ. ಒಂದು ದಿನ ಹಡಗು ಸಿಡಿದು ಎಲ್ಲರೂ ಸಾಯುತ್ತಾರೆ. ಮರುಕ್ಷಣ ನೋಡಿದರೆ ಜಾರಿ ಒಂದು ಗಂಟೆ ಹಿಂದಕ್ಕೆ ಬಂದು ನಿಂತಿದ್ದಾಳೆ! ಅದೇ ಮಾತು, ಅದೇ ಜಗಳ, ಕೊನೆಗೆ ಅದೇ ಸಿಡಿತ. ಮತ್ತೆ ಅದೇ ಗಂಟೆ. ಹೀಗೆ ಹಲವು ಸಲ. ನಡೆದುದೆಲ್ಲ ಅವಳೊಬ್ಬಳ ನೆನಪಿನಲ್ಲಿ ಉಳಿಯುತ್ತದೆ. ಉಳಿದವರಿಗೆ ಪ್ರತಿಸಲವೂ ಅದು ಮೊದಲ ಸಲ. ಸಂಗಾತಿಯನ್ನು ನಂಬಿಸಲು ಅವಳು ಪ್ರತಿಸಲವೂ ಆದಿಯಿಂದ ಹೇಳಬೇಕು. ಅಪಾಯದ ಮೂಲವನ್ನು ಹುಡುಕುತ್ತ ಅವಳು ಒಬ್ಬೊಬ್ಬರನ್ನೂ ಗುಟ್ಟಾಗಿ ಗಮನಿಸುತ್ತಾಳೆ. ಒರಟನೆಂದು ಎಲ್ಲರೂ ತಿಳಿದಿದ್ದ ಒಬ್ಬ ಮುಚ್ಚಿದ ಬಾಗಿಲ ಹಿಂದೆ ಕುಳಿತು ಕಾದಂಬರಿ ಬರೆಯುತ್ತಿರುವುದು ಆಗ ಅವಳಿಗೆ ತಿಳಿಯುತ್ತದೆ. ಹೀಗೆ ತಿಳಿಯುತ್ತ ತಿಳಿಯುತ್ತ ದೂರದವರು ಹತ್ತಿರದವರಾಗುತ್ತಾರೆ.

ಮೊದಲರ್ಧ ಕಂತನ್ನು ಹುಡುಗ ನಗುತ್ತಲೇ ನೋಡಿದ. ಸಿಡಿತ ಬರುವುದನ್ನು ಬಲ್ಲ ಜಾರಿ ಬೇಸತ್ತು ಮುಖ ಮಾಡುವ ರೀತಿ ಅವನಿಗೆ ಬಹಳ ಹಿಡಿಸಿತು. ಆದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ ಅವಳ ತಾಳ್ಮೆ ತಪ್ಪಿದಾಗ, ಏನೂ ಅರಿಯದ ಸಂಗಾತಿ ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡಿದಾಗ, ಹುಡುಗನ ನಗು ಅಲ್ಲಿಗೇ ನಿಂತಿತು. ಆ ನೋಟವನ್ನು ಅವನು ಬೇರೊಂದು ಮುಖದಲ್ಲಿ ಕಂಡಿದ್ದ. ಆ ಮುಖ ಅವನ ಅಜ್ಜನದು.

ಅಜ್ಜ ಒಂದು ಕಾಲದಲ್ಲಿ ಆಟದ ಹುಚ್ಚಿನವನೆಂದು ಊರಿಗೇ ಹೆಸರಾದವನು. ಆ ಸೀಮೆಯಲ್ಲಿ ಆಟವೆಂದರೆ ಯಕ್ಷಗಾನ. ಹಗಲೆಲ್ಲ ತೋಟದಲ್ಲಿ ದುಡಿದು, ಸಂಜೆ ಸೂಡಿ ಹೊತ್ತಿಸಿಕೊಂಡು, ಬೆಟ್ಟದ ಕಾಲುದಾರಿಯಲ್ಲಿ ಮೈಲುಗಟ್ಟಲೆ ನಡೆದು ಅಜ್ಜ ಆಟಕ್ಕೆ ಹೋಗುತ್ತಿದ್ದ. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ಗಂಭೀರವಾದ ಮಾತನ್ನು ಅವನು ಕೇಳಿದ್ದ. ಮುಂದೆ 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಅವರ ಏರುಜವ್ವನದಲ್ಲಿಯೇ ಕಂಡಿದ್ದ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗೆ ಹೋದರೆ ಅವನ ಕಾಲು ತಾನಾಗಿಯೇ ಚಂಡೆಯ ಸದ್ದು ಬಂದ ಕಡೆಗೆ ತಿರುಗುತ್ತಿತ್ತು. ಬೆಳಗಿನ ಜಾವ ಮನೆಗೆ ಮರಳಿ, ಕಣ್ಣು ಕೆಂಪಗಿದ್ದರೂ ಕೊಟ್ಟಿಗೆಗೆ ನಡೆದುಬಿಡುತ್ತಿದ್ದ.

ಅಂಥ ಅಜ್ಜನನ್ನು ಎಂಬತ್ತು ದಾಟಿದ ಮೇಲೆ ಮರೆವು ಹಿಡಿಯಿತು. ಮೊದಲು ಕನ್ನಡಕ ಇಟ್ಟ ಜಾಗ ಮರೆಯಿತು. ಆಮೇಲೆ ಊಟ ಮಾಡಿದ್ದು ಮರೆಯಿತು. ಬೆಂಗಳೂರಿನಿಂದ ಬಂದ ಮಗ ಎಂದು ಬಂದನೆಂಬುದೂ ಮರೆಯಿತು. ಶಿರಸಿಯ ವೈದ್ಯರೊಬ್ಬರು ಪರೀಕ್ಷಿಸಿ ಮನೆಯವರಿಗೆ ವಿವರಿಸಿದರು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಹೊಸ ಅನುಭವಗಳನ್ನು ನೆನಪಾಗಿ ಕೂಡಿಡುವ ಕೆಲಸಕ್ಕೆ ಅದು ನೆರವಾಗುತ್ತದೆ. ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ ಕಾಯಿಲೆಯಲ್ಲಿ ಈ ಭಾಗ ಆರಂಭದಲ್ಲಿಯೇ ಸೊರಗತೊಡಗುತ್ತದೆ. ಆದುದರಿಂದ ಇಂದಿನ ಬೆಳಗು ಅಳಿಸಿಹೋಗುತ್ತದೆ. ಐವತ್ತು ವರ್ಷ ಹಿಂದಿನ ಇರುಳು ಉಳಿದಿರುತ್ತದೆ.

ಅಜ್ಜನಲ್ಲಿ ಉಳಿದಿದ್ದ ಪ್ರಶ್ನೆ ಒಂದೇ. ಸಂಜೆ ದೀಪ ಹಚ್ಚಿದೊಡನೆ ಜಗುಲಿಯ ಮೇಲೆ ಕುಳಿತು ಕೇಳುವನು:

“ತಮಾ, ಇವತ್ತು ಆಟ ಎಲ್ಲಿ?”

“ಮಳೆಗಾಲದಲ್ಲಿ ಎಲ್ಲಿಯ ಆಟ, ಅಜ್ಜ? ದೀಪಾವಳಿ ಕಳೆಯಬೇಕು.”

“ಹೌದಲ್ಲವೇ!” ಎಂದು ಅಜ್ಜ ಸುಮ್ಮನಾಗುವನು. ಹತ್ತು ನಿಮಿಷ ಕಳೆಯುವುದರೊಳಗೆ ಮತ್ತೆ, “ತಮಾ, ಇವತ್ತು ಆಟ ಎಲ್ಲಿ?”

ಒಂದು ಸಂಜೆ ಹುಡುಗನಿಗೆ ಮರುದಿನ ಗಣಿತದ ಪರೀಕ್ಷೆಯಿತ್ತು. ಕರೆಂಟು ಹೋಗಿತ್ತು. ಚಿಮಣಿಯ ಬೆಳಕಿನಲ್ಲಿ ಲೆಕ್ಕವೊಂದು ಬಿಡಿಸಲಾಗದೆ ಅವನು ತಲೆ ಕೆಡಿಸಿಕೊಂಡು ಕುಳಿತಿದ್ದ. ಅಜ್ಜ ಆರನೆಯ ಸಲವೋ ಏಳನೆಯ ಸಲವೋ ಅದೇ ಪ್ರಶ್ನೆಯನ್ನು ಕೇಳಿದ. “ಎಷ್ಟು ಸಲ ಹೇಳುವುದು ನಿನಗೆ? ಆಟ ಇಲ್ಲ, ಇಲ್ಲ, ಇಲ್ಲ!” ಎಂದು ಹುಡುಗ ಕಿರುಚಿಬಿಟ್ಟ. ಅಜ್ಜ ಬೆಚ್ಚಿದ. ಏನು ತಪ್ಪಾಯಿತೆಂದು ತಿಳಿಯದೆ, ಮೈಯನ್ನು ಹಿಡಿ ಮಾಡಿಕೊಂಡು, ಕವಳದ ಸಂಚಿಯ ಬಾಯನ್ನು ಬಿಚ್ಚುತ್ತ ಕಟ್ಟುತ್ತ ಕುಳಿತ. ಸ್ವಲ್ಪ ಹೊತ್ತಿನಲ್ಲಿ ಅಜ್ಜನಿಗೆ ಆ ಬೈಗುಳವೂ ಮರೆತುಹೋಯಿತು. ಹುಡುಗನಿಗೆ ಮರೆಯಲಿಲ್ಲ. ಮರೆತವನ ಬಳಿ ಕ್ಷಮೆ ಕೇಳುವುದಾದರೂ ಹೇಗೆ? ಏತಕ್ಕೆಂದು ಅಜ್ಜನಿಗೆ ತಿಳಿಯಬೇಕಲ್ಲ!

ಈಗ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ಹುಡುಗನಿಗೆ ಆ ಸಂಜೆಯ ಒಳಗು ತೆರೆದು ಕಂಡಂತಾಯಿತು. ಒಂದೇ ಗಂಟೆ ಮರಳಿ ಮರಳಿ ಬರುವ ಹಡಗು ಅಮೆರಿಕದ ಕಥೆಗಾರರ ಕಲ್ಪನೆ. ಆದರೆ ತನ್ನ ಮನೆಯ ಜಗುಲಿಯಲ್ಲಿ ಅದು ದಿನವೂ ನಡೆಯುತ್ತಿದೆ. ಅಲ್ಲಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವವನು ತಾನು. ಪ್ರತಿಸಲವೂ ಮೊದಲ ಸಲವೆಂಬಂತೆ ಬರುವವನು ಅಜ್ಜ. ಏಳನೆಯ ಸಲ ಕೇಳಿದ ಪ್ರಶ್ನೆ ಕೇಳಿಸಿಕೊಂಡವನಿಗಷ್ಟೇ ಏಳನೆಯದು. ಕೇಳಿದವನಿಗೆ ಅದು ಮೊದಲನೆಯದು. ಮೊದಲ ಸಲ ಒಂದು ಮಾತು ಕೇಳಿದ್ದಕ್ಕೇ ತಾನು ಆ ಮುದುಕನನ್ನು ಗದರಿಸಿದ್ದೆನಲ್ಲ ಎಂದು ಹುಡುಗನ ಕಣ್ಣು ತುಂಬಿತು.

ಕಂತು ಮುಗಿಯುವ ಹೊತ್ತಿಗೆ ಇನ್ನೊಂದು ಸಂಗತಿ ಬಯಲಾಗುತ್ತದೆ. ಗಾಯಗೊಂಡು ಎಚ್ಚರವಿಲ್ಲದ ಜಾರಿಯ ಮನಸ್ಸಿನೊಳಗೆ ಹಡಗಿನ ಯಂತ್ರಬುದ್ಧಿಯೇ ಆ ಆವರ್ತವನ್ನು ಹೂಡಿರುತ್ತದೆ. ಸಂಗಾತಿಗಳನ್ನು ಅವಳು ತನ್ನವರೆಂದು ಅರಿಯಲಿ ಎಂಬುದೇ ಅದರ ಉದ್ದೇಶ. ಅವಳು ಅರಿಯುತ್ತಾಳೆ, ಕಾಲ ಮುಂದೆ ಸಾಗುತ್ತದೆ. “ಹೇಗಿದೆ?” ಎಂದು ಚಿಕ್ಕಪ್ಪ ಕೇಳಿದ. “ಚೆನ್ನಾಗಿದೆ. ಆದರೆ ಅವಳಿಗೆ ಹೊರಗೆ ಬರಲು ದಾರಿ ಇತ್ತು” ಎಂದು ಹುಡುಗ ಹೇಳಿದ. ಚಿಕ್ಕಪ್ಪ ಒಮ್ಮೆ ಜಗುಲಿಯ ಕಡೆಗೆ ನೋಡಿ ಲ್ಯಾಪ್‌ಟಾಪನ್ನು ಮುಚ್ಚಿದ.

ಇಂಥ ಕಥೆಗಳು ಕನ್ನಡದ ಮಕ್ಕಳಿಗೆ ಅಪರಿಚಿತವಲ್ಲ. ಬೇತಾಳನ ಕಥೆಗಳನ್ನು ಈ ಹುಡುಗನಿಗೆ ಹೇಳಿದವನೂ ಅಜ್ಜನೇ. ರಾಜ ವಿಕ್ರಮ ಮರವನ್ನೇರಿ ಶವವನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಾನೆ. ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಬಲ್ಲ ರಾಜ ಮೌನ ಮುರಿಯುತ್ತಾನೆ. ಬೇತಾಳ ಶವದೊಡನೆ ಮತ್ತೆ ಮರವನ್ನು ಸೇರುತ್ತದೆ. ಕೊನೆಯ ಕಥೆಯ ಪ್ರಶ್ನೆಗೆ ರಾಜನ ಬಳಿ ಉತ್ತರವಿಲ್ಲ. ಅವನು ಮೌನವಾಗಿ ನಡೆಯುತ್ತಾನೆ. ಆಗ ಆ ಅಲೆದಾಟ ಕೊನೆಗೊಳ್ಳುತ್ತದೆ. ರಾಜ ಅಷ್ಟು ಸಲ ಮರದ ಬುಡಕ್ಕೆ ಮರಳಿದರೂ ಒಮ್ಮೆಯೂ ಬೇಸರಪಡಲಿಲ್ಲವೆಂಬುದು ಹುಡುಗನಿಗೆ ಹಿಂದೆ ಎಂದೂ ಹೊಳೆದಿರಲಿಲ್ಲ.

ಮರುದಿನದಿಂದ ಅವನು ಬೇಸರಪಡಬಾರದೆಂದು ನಿಶ್ಚಯಿಸಿದ. ನಿಶ್ಚಯ ಸುಲಭ, ನಡೆ ಕಷ್ಟ. ಎರಡು ದಿನ ತಾಳಿದ. ಮೂರನೆಯ ದಿನ ಮತ್ತೆ ಹುಬ್ಬು ಗಂಟಿಕ್ಕಿತು. ಒಂದೇ ಉತ್ತರವನ್ನು ಒಂದೇ ದನಿಯಲ್ಲಿ ಹೇಳುತ್ತ ಹೋದರೆ ಮನಸ್ಸು ದಣಿಯುತ್ತದೆ. ದಣಿಯದಂತೆ ಹೇಳುವ ಬಗೆಯನ್ನು ಅವನು ಕಲಿತದ್ದು ಆ ವರ್ಷದ ಸುಗ್ಗಿಯ ಕಾಲದಲ್ಲಿ, ಯಲ್ಲಾಪುರದಲ್ಲಿ.

ಯಲ್ಲಾಪುರದ ಸಮೀಪ ಅತ್ತೆಯ ಮನೆ. ಅಡಿಕೆಯ ಕೊಯ್ಲು ಮುಗಿದ ಮೇಲೆ ಅಲ್ಲಿ ಆಟವಿದೆಯೆಂದು ತಿಳಿದು ಮನೆಯವರೆಲ್ಲ ಅಜ್ಜನನ್ನು ಕಾರಿನಲ್ಲಿ ಕರೆದೊಯ್ದರು. ಪ್ರಸಂಗ ‘ಅಭಿಮನ್ಯು ಕಾಳಗ’. ಹಿಂದಿನಂತೆ ಬೆಳಗಿನವರೆಗಲ್ಲ, ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿಯ ಆಟ. ಭಾಗವತರು ಪದ ಎತ್ತಿದರು, ಮದ್ದಳೆ ನುಡಿಯಿತು, ಚಂಡೆ ಗುಡುಗಿತು. ಬೆಳಿಗ್ಗೆ ಕಾಫಿ ಕುಡಿದದ್ದನ್ನು ನೆನಪಿಡಲಾರದ ಅಜ್ಜನ ತುಟಿಗಳು ಭಾಗವತರ ಪದದೊಡನೆ ಅಲುಗತೊಡಗಿದವು. ಒಂದಕ್ಷರವೂ ತಪ್ಪಲಿಲ್ಲ. ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು.

ಹುಡುಗ ಆಟದ ಒಂದು ವಿಶೇಷವನ್ನು ಅಂದು ಗಮನಿಸಿದ. ಭಾಗವತರು ಹಾಡುವ ಪದ ಹಿಂದೆಯೇ ಬರೆದದ್ದು, ಅದು ಬದಲಾಗುವುದಿಲ್ಲ. ಆದರೆ ಪದದ ಬೆನ್ನಿಗೆ ವೇಷಧಾರಿ ಆಡುವ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅದು ಆ ಗಳಿಗೆಯಲ್ಲಿ ಹುಟ್ಟುವ ಮಾತು. ಎದುರಿನ ಪಾತ್ರ ಏನು ಕೇಳಿತು, ಹೇಗೆ ಕೇಳಿತು ಎಂಬುದನ್ನು ನೋಡಿಕೊಂಡು ಪ್ರತಿರಾತ್ರಿಯೂ ಹೊಸದಾಗಿ ಅರ್ಥ ಹೇಳಬೇಕು. ‘ಚಕ್ರವ್ಯೂಹವನ್ನು ಭೇದಿಸಬಲ್ಲೆಯಾ, ಮಗು?’ ಎಂದು ಧರ್ಮರಾಯ ಕೇಳಿದಾಗ, ನೂರು ರಾತ್ರಿ ಅದೇ ಪ್ರಶ್ನೆಯನ್ನು ಕೇಳಿಸಿಕೊಂಡ ಕಲಾವಿದ ಅಂದು ಮೊದಲ ಸಲ ಕೇಳಿದವನಂತೆ ಕಣ್ಣರಳಿಸಿದ. ಪ್ರಶ್ನೆ ಹಳೆಯದಾದರೂ ಉತ್ತರ ಹಳೆಯದಾಗಿರಬೇಕಿಲ್ಲ!

ಅಭಿಮನ್ಯು ತಾಯಿ ಸುಭದ್ರೆಯಿಂದ ಬೀಳ್ಕೊಳ್ಳುವ ಸನ್ನಿವೇಶ ಬಂದಿತು. ವ್ಯೂಹವನ್ನು ಹೊಗುವುದನ್ನು ತಾಯಿಯ ಗರ್ಭದಲ್ಲಿಯೇ ಕೇಳಿ ಕಲಿತವನು ಅವನು, ಹೊರಬರುವುದನ್ನು ಕಲಿಯಲಿಲ್ಲ. ಹಿಂದಿನಿಂದ ಬರಬೇಕಾದ ಪಾಂಡವರನ್ನು ಸೈಂಧವ ತಡೆಯುತ್ತಾನೆ. ಮುಂದಿನದು ನೆರೆದವರಿಗೆಲ್ಲ ಗೊತ್ತು. ಅಜ್ಜ ಪಂಚೆಯ ಸೆರಗಿನಿಂದ ಕಣ್ಣೊರಸಿಕೊಂಡ.

“ಈ ಕಥೆಯನ್ನು ನೀನು ಎಷ್ಟು ಸಲ ನೋಡಿದ್ದೀಯೆ, ಅಜ್ಜ! ಕೊನೆಗೆ ಏನಾಗುತ್ತದೆಂದು ಗೊತ್ತಿದ್ದೂ ಅಳುವುದೇ?” ಎಂದು ಹುಡುಗ ಮೆಲ್ಲಗೆ ಕೇಳಿದ.

ಅಜ್ಜ ರಂಗದಿಂದ ಕಣ್ಣು ಕೀಳದೆ ಹೇಳಿದ: “ನನಗೆ ಗೊತ್ತು. ಆದರೆ ಅವನಿಗೆ ಗೊತ್ತಿಲ್ಲವಲ್ಲ, ತಮಾ!”

ಹುಡುಗ ಮರುಮಾತಾಡಲಿಲ್ಲ. ಗೊತ್ತಿರುವವನು ಗೊತ್ತಿಲ್ಲದವನಿಗಾಗಿ ಮರುಗಬೇಕೆಂಬುದನ್ನು ಅಜ್ಜ ಎಷ್ಟು ಸಹಜವಾಗಿ ಬಲ್ಲವನಾಗಿದ್ದ! ಅಜ್ಜನೂ ಒಂದು ವ್ಯೂಹದೊಳಗೆ ಸಿಲುಕಿದವನೇ. ಹೊಕ್ಕ ದಾರಿ ಅವನಿಗೆ ತಿಳಿಯದು. ಹೊರಬರುವ ದಾರಿ ಯಾವ ವೈದ್ಯರಿಗೂ ಇನ್ನೂ ಪೂರ್ಣವಾಗಿ ತಿಳಿದಿಲ್ಲ. ಹೊರಗೆ ನಿಂತವರು ಮಾಡಬಹುದಾದದ್ದು ಒಂದೇ: ಒಳಗಿರುವವನನ್ನು ಒಂಟಿಯಾಗಿ ಬಿಡದಿರುವುದು.

ಊರಿಗೆ ಮರಳಿದ ಮೇಲೆ ಅಜ್ಜನ ಪ್ರಶ್ನೆ ನಿಲ್ಲಲಿಲ್ಲ. ಹುಡುಗನ ಉತ್ತರ ಮಾತ್ರ ಬದಲಾಯಿತು. “ಆಟ ನಮ್ಮ ಜಗುಲಿಯಲ್ಲೇ, ಅಜ್ಜ. ಯಾವ ಪ್ರಸಂಗ ಆಡಿಸೋಣ?” ಎಂದು ಒಂದು ದಿನ ಕೇಳುವನು. “ನೀನು ಶಿವರಾಮ ಹೆಗಡೆಯವರ ಕೌರವನನ್ನು ನೋಡಿದ ದಿನ ಮಳೆ ಬಂದಿತ್ತೇ?” ಎಂದು ಇನ್ನೊಂದು ದಿನ ಕೇಳುವನು. ಅಜ್ಜನ ಮುಖ ಅರಳುತ್ತಿತ್ತು. ಅವನು ಒಂದು ಪದ ಹೇಳುವನು. ಹುಡುಗ ತನಗೆ ತೋಚಿದಂತೆ ಅದಕ್ಕೆ ಅರ್ಥ ಹೇಳುವನು. ತಪ್ಪಿದಲ್ಲಿ ಅಜ್ಜ ನಕ್ಕು ತಿದ್ದುವನು. ಅಡುಗೆಮನೆಯ ಕೆಲಸ ಮುಗಿಸಿದ ಆಯಿಯೂ ಬಂದು ಬಾಗಿಲಿಗೆ ಒರಗಿ ಕೇಳುವಳು. ಅಜ್ಜನ ಯೌವನ, ಸೂಡಿಯ ಬೆಳಕಿನ ದಾರಿ, ದಾಟಿದ ಹಳ್ಳಗಳು, ಜೊತೆಗೆ ನಡೆದ ಗೆಳೆಯರು, ಇವೆಲ್ಲ ಹುಡುಗನಿಗೆ ತಿಳಿದುಬಂದದ್ದು ಆ ಒಂದು ಪ್ರಶ್ನೆಯಿಂದ. ಅದಕ್ಕೆ ಮೊದಲು ಒಂದೇ ಸೂರಿನಡಿ ಹದಿನಾಲ್ಕು ವರ್ಷ ಇದ್ದರೂ ಅವನು ಅಜ್ಜನನ್ನು ಅಷ್ಟು ಅರಿತಿರಲಿಲ್ಲ.

ಬೇತಾಳನ ಕಥೆ ಮೌನದಲ್ಲಿ ಮುಗಿಯಿತು. ಅಜ್ಜನ ಪ್ರಶ್ನೆಯೂ ಒಂದು ದಿನ ನಿಂತೀತು. ಕಾಯಿಲೆ ಬೆಳೆದಂತೆ ಮಾತು ಕಡಿಮೆಯಾಗುವುದೆಂದು ವೈದ್ಯರು ಮೊದಲೇ ತಿಳಿಸಿದ್ದರು. ಯಾವ ಪ್ರಶ್ನೆ ಎಂದು ನಿಂತೀತೋ ಎಂದು ಹುಡುಗ ಹಿಂದೆ ಬೇಸರದಿಂದ ಕಾದಿದ್ದನೋ, ಅದೇ ಪ್ರಶ್ನೆ ನಾಳೆಯೂ ಬರಲಿ ಎಂದು ಈಗ ಅವನು ಹಾರೈಸುತ್ತಿದ್ದ. ದೀಪ ಹಚ್ಚಿ ಸ್ವಲ್ಪ ಹೊತ್ತಾದರೂ ಜಗುಲಿಯಿಂದ ದನಿ ಬಾರದಿದ್ದರೆ ಅವನ ಓದು ಮುಂದೆ ಸಾಗುತ್ತಿರಲಿಲ್ಲ.

“ತಮಾ, ಇವತ್ತು ಆಟ ಎಲ್ಲಿ?”

ಹುಡುಗ ಪುಸ್ತಕದ ನಡುವೆ ಪೆನ್ಸಿಲನ್ನಿಟ್ಟು ಮುಚ್ಚಿ, ಎದ್ದು ಹೋಗಿ ಅಜ್ಜನ ಪಕ್ಕದಲ್ಲಿ ಕುಳಿತ.