ಗಾಜಿನ ಕಡಲಿನ ಹಾವಸೆ

ಸಂಸ್ಕೃತದ ಶೈವಲ ಮರಾಠಿಯಲ್ಲಿ ಶೇವಾಳವಾಯಿತು. ಕನ್ನಡಕ್ಕೆ ಪಾಚಿ, ಹಾವಸೆ ಎಂಬ ತನ್ನವೇ ಮಾತುಗಳಿವೆ. ಸೊಲ್ಲಾಪುರದ ಮನೆಗಳಲ್ಲಿ ಈ ಎಲ್ಲ ಮಾತುಗಳೂ ಒಂದೇ ನೀರಿನ ಹೌದಿನ ಸುತ್ತ ಕೇಳಿಬರುತ್ತವೆ. ಮಾತು ಯಾವುದಾದರೂ ಅದನ್ನಾಡುವ ಧ್ವನಿ ಮಾತ್ರ ಒಂದೇ: ಅದನ್ನು ತಿಕ್ಕಿ ತೆಗೆಯಬೇಕು, ಕಾಲು ಜಾರದಂತೆ ನೋಡಿಕೊಳ್ಳಬೇಕು. ಅದು ಏಕೆ ಬಂತೆಂದು ಕೇಳುವವರು ವಿರಳ. ಕೇಳಲೇಬೇಕಾದ ಪ್ರಸಂಗ ಈ ಊರಿನ ನಿವೃತ್ತ ಗುಮಾಸ್ತರೊಬ್ಬರಿಗೆ ಒದಗಿಬಂತು.

ಅವರ ಮಗಳು ಮನೆಯ ಪಡಸಾಲೆಯಲ್ಲಿ 200 ಲೀಟರಿನ ಉಪ್ಪುನೀರಿನ ಮೀನತೊಟ್ಟಿಯೊಂದನ್ನು ಕಟ್ಟಿದ್ದಳು. ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪು, ರಂಧ್ರಗಳುಳ್ಳ ಕಲ್ಲುಗಳು, ಒಂದು ಜೋಡಿ ಕ್ಲೌನ್ ಮೀನು, ನಾಲ್ಕಾರು ಮೆದು ಹವಳ. ನೌಕರಿಗೆಂದು ಆಕೆ ಪುಣೆಗೆ ಹೋದಾಗ ಆ ಪುಟ್ಟ ಕಡಲು ತಂದೆಯ ಪಾಲಿಗೆ ಬಂತು. ಅವರು ಮೀನುಗಳಿಗೆ ಮೂರು ಹೊತ್ತು ಉಣಿಸಿದರು. ಸಂಜೆ ನೋಡಲು ಚಂದವೆಂದು ದೀಪವನ್ನು ರಾತ್ರಿಯವರೆಗೂ ಉರಿಸಿದರು. ಏಪ್ರಿಲ್ ಬಂತು, ಉಷ್ಣತೆ 40 ಡಿಗ್ರಿ ದಾಟಿತು. ನೀರು ಕಾಯಬಾರದೆಂದು ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ತೂಗುಹಾಕಿದರು. ನೀರು ತಂಪಾಯಿತು, ಆದರೆ ದಿನಕ್ಕೆ ಮೂರು ನಾಲ್ಕು ಲೀಟರ್ ಆವಿಯಾಗತೊಡಗಿತು. ಇಳಿದ ಮಟ್ಟವನ್ನು ನಳದ ನೀರಿನಿಂದ ತುಂಬಿದರು.

ಮೊದಲು ಮರಳಿನ ಮೇಲೆ ಕಂದು ಧೂಳಿನಂಥ ಪದರ ಕಂಡಿತು. ಬಳಿಕ ಕಲ್ಲಿನ ಮೇಲೆ ಹಸಿರು ಕೂದಲು. ಮೂರು ವಾರಗಳಲ್ಲಿ ಅದು ಬೆರಳುದ್ದ ಬೆಳೆದು ಹವಳಗಳನ್ನು ಮುಸುಕಿತು. ಹೂವಿನಂತೆ ಅರಳುತ್ತಿದ್ದ ಅವು ಮುಚ್ಚಿಕೊಂಡು ಕುಳಿತವು. ಅವರು ಹಲ್ಲುಜ್ಜುವ ಬ್ರಶ್ ಹಿಡಿದು ದಿನವೂ ತಿಕ್ಕಿದರು. "ಭಾಂಡಿ ತಿಕ್ಕೂದು ನನ್ನ ಪಾಲಿಗೆ, ಕಲ್ಲ ತಿಕ್ಕೂದು ನಿಮ್ಮ ಪಾಲಿಗೆ ಬಂತು ನೋಡ್ರಿ" ಎಂದರು ಹೆಂಡತಿ. ಕಿತ್ತ ಎಳೆಗಳು ನೀರಿನಲ್ಲಿ ತೇಲಿ ಮತ್ತೊಂದು ಕಲ್ಲಿಗೆ ಅಂಟಿದವು. ತೊಟ್ಟಿಯನ್ನೇ ಮುಚ್ಚಿಬಿಡಬೇಕೆಂದು ಅವರಿಗೆ ಅನ್ನಿಸಿತು. ಆದರೆ ಮಗಳು ಪ್ರತಿ ಫೋನಿನಲ್ಲಿ ಮೊದಲು ಕೇಳುತ್ತಿದ್ದುದು ಆ ಜೋಡಿ ಮೀನುಗಳ ಕ್ಷೇಮವನ್ನು.

ಪಾಚಿಯನ್ನು ಸಾಯಿಸುವ ಔಷಧಿ ತರಲೇ ಎಂದು ಅವರು ಕೇಳಿದಾಗ ಮಗಳು ತಡೆದಳು: "ಬ್ಯಾಡ್ರಿ ಅಪ್ಪಾ. ಅದು ಸತ್ತು ಅಲ್ಲೇ ಕೊಳತರ ತಿಂದದ್ದೆಲ್ಲ ಮತ್ತ ನೀರಿಗೇ ಬರ್ತದ. ಮೊದಲ ನೀರ ನೋಡ್ರಿ."

ನೀರನ್ನು ಪರೀಕ್ಷಿಸಿದಾಗ ಫಾಸ್ಫೇಟ್ ಹೆಚ್ಚುಕಡಿಮೆ ಶೂನ್ಯವೆಂದು ತೋರಿತು. ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಫಾಸ್ಫೇಟ್ ಇಲ್ಲವೆಂದಲ್ಲ, ಅದು ಪಾಚಿಯ ಒಡಲು ಸೇರಿದೆ ಎಂದರ್ಥ. ನೀರಿನಲ್ಲಿ ಉಳಿದದ್ದನ್ನಷ್ಟೇ ಪರೀಕ್ಷೆ ಅಳೆಯಬಲ್ಲದು. ಅದರ ದಾರಿಗಳು ಒಂದೊಂದಾಗಿ ಹೊರಬಿದ್ದವು. ಆವಿಯಾಗುವುದು ನೀರು ಮಾತ್ರ. ನಳದ ನೀರಿನೊಂದಿಗೆ ಬಂದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟುಗಳು ತೊಟ್ಟಿಯಲ್ಲೇ ಉಳಿದು ದಿನದಿಂದ ದಿನಕ್ಕೆ ಸಂಚಯವಾಗುತ್ತವೆ. ಮೀನು ತಿನ್ನದೆ ಬಿಟ್ಟ ಆಹಾರ ಕೊಳೆತು ಅದಕ್ಕೆ ಸೇರುತ್ತದೆ. ದೀರ್ಘವಾದ ಬೆಳಕು ಉಳಿದ ಕೆಲಸ ಮಾಡುತ್ತದೆ. ಬೇಸಿಗೆಯ ಫ್ಯಾನಿಗೂ ಕಲ್ಲಿನ ಹಸಿರು ಕೂದಲಿಗೂ ಇದ್ದ ನಂಟು ಇದು.

ಉಪಾಯಗಳು ಯಾವುವೂ ಚಮತ್ಕಾರದವಲ್ಲ. ಊಟ ದಿನಕ್ಕೊಂದು ಹೊತ್ತಿಗೆ ಇಳಿಯಿತು; ಹೆಪ್ಪುಗಟ್ಟಿದ ಸೀಗಡಿಯನ್ನು ತೊಳೆದು ಹಾಕುವ ಪದ್ಧತಿ ಬಂತು. ಬೆಳಕು 8 ಗಂಟೆಗೆ ನಿಂತಿತು. ಆರ್‌ಓ ಯಂತ್ರದಿಂದ ಶುದ್ಧವಾದ, ರಾಳದ ಕೊಳವೆಯಲ್ಲಿ ಹಾದು ಇನ್ನಷ್ಟು ನಿರ್ಮಲವಾದ ನೀರನ್ನಷ್ಟೇ ತುಂಬಲಾಯಿತು. ವಾರಕ್ಕೊಮ್ಮೆ ನೂರಕ್ಕೆ 10ರಷ್ಟು ನೀರು ಬದಲಾಯಿತು. ಆಗ ಕಿತ್ತ ಪಾಚಿಯನ್ನು ತೇಲಬಿಡದೆ, ಸಣ್ಣ ಪೈಪಿನಿಂದ ನೀರಿನೊಂದಿಗೇ ಹೊರಗೆ ಹೀರಲಾಯಿತು. ಪಾಚಿ ಮೇಯುವ ಬಸವನಹುಳುಗಳು ಬಂದವು. ಆದರೆ ಅವು ಮೇಯುವುದು ಎಳೆಯ ಚಿಗುರನ್ನು, ಉದ್ದನೆಯ ಜಡೆಯನ್ನಲ್ಲ. ಕೊನೆಯದಾಗಿ ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ಕೀಟೋಮಾರ್ಫಾ ಎಂಬ ಮತ್ತೊಂದು ಪಾಚಿಯನ್ನೇ ಬೆಳೆಸಿದರು. ರಾತ್ರಿಯ ಹೊತ್ತು ಅದಕ್ಕೆ ಬೆಳಕು. ಮೇಲಿನದು ತಿನ್ನಬೇಕಾದುದನ್ನು ಕೆಳಗಿನದು ತಿನ್ನುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಕೊಯ್ದು ಹೊರಹಾಕಿದರೆ ಅದು ತಿಂದದ್ದೂ ಹೊರಗೆ. ಶೇವಾಳಕ್ಕೆ ಶೇವಾಳವೇ ಮದ್ದಾಯಿತು.

ನಾಲ್ಕು ತಿಂಗಳು ಹಿಡಿಯಿತು. ಒಂದು ಹವಳ ಉಳಿಯಲಿಲ್ಲ. ಮಿಕ್ಕವು ಅರಳಿದವು, ಜೋಡಿ ಮೀನುಗಳು ಉಳಿದವು. ಎಲ್ಲವನ್ನೂ ಸೊನ್ನೆಗಿಳಿಸುವ ಹಟವನ್ನು ಮಗಳು ಬಿಡಿಸಿದಳು. ಪೋಷಕಾಂಶ ಪೂರ್ತಿ ಬತ್ತಿದ ತೊಟ್ಟಿಯಲ್ಲಿ ಹವಳ ಬಡಕಲಾಗುತ್ತದೆ. ಡೈನೋಫ್ಲ್ಯಾಜೆಲೇಟುಗಳೆಂಬ ಇನ್ನೂ ಹಟಮಾರಿ ಜೀವಿಗಳು ಆ ತೆರವನ್ನು ತುಂಬುವುದುಂಟು. ಹವಳದ ಬಣ್ಣ, ಬದುಕು ಎರಡಕ್ಕೂ ಆಧಾರ ಅದರ ಅಂಗಾಂಶದೊಳಗೆ ನೆಲೆಸಿದ ಸೂಕ್ಷ್ಮ ಪಾಚಿಯೇ. ಪಾಚಿ ಶತ್ರುವಲ್ಲ, ಅದಕ್ಕೆ ಉಣಿಸುವವರು, ಅದನ್ನು ಮೇಯುವವರು ಇವರ ನಡುವಿನ ಲೆಕ್ಕ ತಪ್ಪಬಾರದು, ಅಷ್ಟೆ. ನಿಜವಾದ ಕಡಲಿನಲ್ಲೂ ಈ ಲೆಕ್ಕ ತಪ್ಪಿದ್ದಿದೆ. 1983ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಪಾಚಿ ಮೇಯುತ್ತಿದ್ದ ಉದ್ದಮುಳ್ಳಿನ ಕಡಲಮುಳ್ಳುಚೆಂಡುಗಳು ರೋಗಕ್ಕೆ ತುತ್ತಾಗಿ ಸಾಮೂಹಿಕವಾಗಿ ಸತ್ತವು. ಅದಾಗಲೇ ಮೀನುಗಳನ್ನು ಅತಿಯಾಗಿ ಹಿಡಿದಿದ್ದ ಜಮೈಕಾದ ತೀರದಲ್ಲಿ ಹವಳದ ದಿಬ್ಬಗಳನ್ನು ಪಾಚಿ ಆವರಿಸಿಕೊಂಡಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸೊಲ್ಲಾಪುರದ ನಳಕ್ಕೆ ಬರುವುದು ಭೀಮೆಗೆ ಕಟ್ಟಿದ ಉಜನಿ ಜಲಾಶಯದ ನೀರು. ಪುಣೆಯ ಹೊಲಸನ್ನು ಹೊತ್ತ ಮುಳಾ-ಮುಠೆ ಆ ಭೀಮೆಯನ್ನೇ ಸೇರುತ್ತದೆ. ಉಜನಿಯ ಹಿನ್ನೀರು ಹಸಿರುಗಟ್ಟುವ ಕಾರಣವೂ ಪಡಸಾಲೆಯ ತೊಟ್ಟಿಯ ಕಾರಣವೂ ಬೇರೆಯಲ್ಲ. ಮಗಳು ಕೈ ತೊಳೆದ ನೀರು ಅಪ್ಪನ ನಳಕ್ಕೆ ಬರುವ ದಾರಿ ಅದು. ಕೆರೆ ಕಟ್ಟಿಸುವುದನ್ನು ಕಾಯಕವೆಂದು ಬಗೆದ ಸಿದ್ಧರಾಮನ ಊರಿಗೆ ಈ ಸಂಗತಿ ತಿಳಿಯದ್ದೇನಲ್ಲ. ಆದರೆ 200 ಲೀಟರಿಗೆ ನಾಲ್ಕು ತಿಂಗಳ ತಾಳ್ಮೆ ಬೇಕಾದರೆ ಒಂದು ಜಲಾಶಯಕ್ಕೆ ಎಷ್ಟು ಬೇಕು ಎಂಬ ಲೆಕ್ಕವನ್ನು ಈಗ ಆ ಗುಮಾಸ್ತರು ಆಗಾಗ ಹಾಕುತ್ತಾರೆ. ನಳದ ನೀರು ದಿನವೂ ಬಾರದ ಊರಲ್ಲವೇ? ಆರ್‌ಓ ಯಂತ್ರ ಹೊರಗೆಡವುವ ನೀರನ್ನು ಅವರು ಮೋರಿಗೆ ಬಿಡುವುದಿಲ್ಲ. ಬಕೆಟಿನಲ್ಲಿ ಹಿಡಿದಿಟ್ಟು ನೆಲ ಒರೆಸಲು ಕೊಡುತ್ತಾರೆ.