ಅರಿವೆಯಿಂದ ಅರಿವಿಗೆ

ಕಣ್ಣಿಗೆ ಕಾಣದ್ದು ಇಲ್ಲವೆಂದು ಬಗೆಯುವುದು ಮಾನವನ ಸಹಜ ದೌರ್ಬಲ್ಯ. ತನ್ನ ನೋಟಕ್ಕೆ ದಕ್ಕಿದಷ್ಟೇ ಜಗತ್ತೆಂದು ಆತ ಯುಗಯುಗಾಂತರಗಳಿಂದ ಬಾಳಿಬಂದ. ಈ ಭ್ರಮೆಯನ್ನು ಕಳೆದವನು ಯಾವ ವಿದ್ಯಾಪೀಠದ ಪಂಡಿತನೂ ಅಲ್ಲ. ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಒಬ್ಬ ಅರಿವೆಯ ವ್ಯಾಪಾರಿ.

1632ರಲ್ಲಿ ಜನಿಸಿದ ಆಂಟನಿ ವಾನ್ ಲ್ಯೂವೆನ್‌ಹುಕ್‌ನಿಗೆ ವಿಶ್ವವಿದ್ಯಾಲಯದ ಶಿಕ್ಷಣವಿರಲಿಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು. ಬಲ್ಲದ್ದು ತಾಯ್ನುಡಿ ಡಚ್ ಒಂದೇ. ಬಟ್ಟೆಯ ನೂಲನ್ನು ಭೂತಗನ್ನಡಿಯಿಂದ ಪರೀಕ್ಷಿಸುವುದು ಆ ವ್ಯಾಪಾರದ ವಾಡಿಕೆಯಾಗಿತ್ತು. ಅರಿವೆಯನ್ನು ನೋಡುತ್ತಿದ್ದ ಕಣ್ಣು ಹೀಗೆ ಅರಿವಿನತ್ತ ಹೊರಳಿತು. ಹೊಟ್ಟೆಪಾಡಿಗೆ ವ್ಯಾಪಾರವಿತ್ತು, ಪಟ್ಟಣದ ಆಡಳಿತದಲ್ಲಿ ಒಂದು ಹುದ್ದೆಯಿತ್ತು. ಉಳಿದ ಹೊತ್ತೆಲ್ಲ ಸೂಕ್ಷ್ಮದರ್ಶಕಕ್ಕೆ ಮೀಸಲು.

ಆತನ ಉಪಕರಣ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಎರಡು ಲೋಹದ ತಗಡುಗಳ ನಡುವೆ ಒಂದೇ ಒಂದು ಪುಟ್ಟ ಮಸೂರ. ಅದರ ಮುಂದೆ ನೋಡಬೇಕಾದ ವಸ್ತುವನ್ನಿರಿಸಲು ಒಂದು ಮೊನೆ. ಅದನ್ನು ಕಣ್ಣಿಗೆ ಒತ್ತಿ ಹಿಡಿದು ಬೆಳಕಿನತ್ತ ತಿರುಗಿ ನಿಲ್ಲಬೇಕು. ಇಂದು ಉಳಿದಿರುವವುಗಳಲ್ಲಿ ಅತ್ಯುತ್ತಮವಾದದ್ದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯಲು ಆತ ಕಾಳುಮೆಣಸನ್ನು ನೀರಿನಲ್ಲಿ ನೆನೆಯಿಟ್ಟ. ಖಾರದ ಗುಟ್ಟು ತಿಳಿಯಲಿಲ್ಲ. ಬದಲಿಗೆ ಆ ನೀರಿನಲ್ಲಿ ಅದುವರೆಗೆ ಯಾರೂ ಕಾಣದಷ್ಟು ಕಿರಿದಾದ ಜೀವಿಗಳು ಕಂಡವು. 1676ರ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ಬರೆದು ತಿಳಿಸಿದಾಗ ಅಲ್ಲಿನವರಿಗೆ ಸುಲಭವಾಗಿ ನಂಬಿಕೆ ಬರಲಿಲ್ಲ. ಆತ ಸಿಡುಕಲಿಲ್ಲ. ಪಾದ್ರಿಗಳನ್ನೂ ಊರಿನ ಗಣ್ಯರನ್ನೂ ಕರೆದು ತೋರಿಸಿ, ಅವರ ಸಾಕ್ಷ್ಯಪತ್ರಗಳನ್ನು ಕಳುಹಿಸಿದ. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಲಂಡನ್ನಿನಲ್ಲಿ ಅವೇ ಜೀವಿಗಳನ್ನು ಸದಸ್ಯರಿಗೆ ತೋರಿಸಿದಾಗ ಸಂಶಯ ಹರಿಯಿತು.

1683ರಲ್ಲಿ ಆತ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡ. ನಿತ್ಯವೂ ಉಪ್ಪಿನಿಂದ ಹಲ್ಲುಜ್ಜುವವನು ಆತ. ಆದರೂ ಹಲ್ಲಿನ ಸಂದಿಯಲ್ಲಿದ್ದ ಬಿಳಿಯ ಕೊಳೆಯನ್ನು ತೆಗೆದು, ಮಳೆನೀರಿನಲ್ಲಿ ಬೆರೆಸಿ ನೋಡಿದರೆ ಅಲ್ಲೊಂದು ಲೋಕವೇ ಇತ್ತು. ಒಂದು ಬಗೆಯದು ಮೀನಿನಂತೆ ನೇರವಾಗಿ ಧಾವಿಸುತ್ತಿತ್ತು. ಇನ್ನೊಂದು ಬುಗುರಿಯಂತೆ ಸುತ್ತುತ್ತಿತ್ತು. ಮತ್ತೊಂದು ನುಸಿಯ ಹಿಂಡಿನಂತೆ ಮುಸುರಿತ್ತು. ಆತ ಅವುಗಳ ಚಿತ್ರ ಬರೆಸಿದ. ಒಂದು ಜೀವಿ ಸಾಗಿದ ಹಾದಿಯನ್ನು ಚುಕ್ಕಿಗಳ ಸಾಲಿನಿಂದ ಗುರುತಿಸಿದ. ಬ್ಯಾಕ್ಟೀರಿಯಾಗಳ ಮೊಟ್ಟಮೊದಲ ಚಿತ್ರಗಳೆಂದು ಅವು ಹೆಸರಾಗಿವೆ. ತನ್ನ ದೇಶದ ಜನಸಂಖ್ಯೆಗಿಂತ ತನ್ನ ಬಾಯಿಯ ಜೀವಿಗಳ ಸಂಖ್ಯೆಯೇ ಹೆಚ್ಚೆಂದು ಆತ ಸಂಕೋಚವಿಲ್ಲದೆ ಬರೆದ. ಪರರ ಕೊಳೆಯನ್ನು ಎತ್ತಿ ತೋರುವುದು ಸುಲಭ. ಶುಚಿಯೆಂದು ನಂಬಿದ್ದ ತನ್ನ ಬಾಯನ್ನೇ ಲೋಕದ ಮುಂದೆ ತೆರೆದು ತೋರಲು ಸತ್ಯದ ಮೇಲೆ ಪ್ರೀತಿಯಿರಬೇಕು.

ಇಷ್ಟು ನಿಷ್ಕಪಟಿಯಾದ ಆತನೂ ಒಂದನ್ನು ಬಚ್ಚಿಟ್ಟ. ಕಂಡದ್ದನ್ನು ಹೇಳಿದ, ಕಾಣುವ ಬಗೆಯನ್ನು ಹೇಳಲಿಲ್ಲ. ಅತ್ಯುತ್ತಮ ಉಪಕರಣಗಳನ್ನು ತನಗಾಗಿಯೇ ಇಟ್ಟುಕೊಂಡ, ಶಿಷ್ಯರನ್ನು ಸಿದ್ಧಗೊಳಿಸಲಿಲ್ಲ. 1723ರಲ್ಲಿ ಆತ ತೀರಿಕೊಂಡ ಮೇಲೆ ಆ ನೋಟವೂ ಬಹುಕಾಲ ಮಂಕಾಯಿತು. ಸೊಸೈಟಿಗೆ ಆತ ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಮುಂದೆ ಕಳೆದೇಹೋದವು. ಒಂದು ಬ್ಯಾಕ್ಟೀರಿಯಾ ಒಂದು ರೋಗಕ್ಕೆ ಕಾರಣವೆಂದು ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು 1876ರಲ್ಲಿ. ಮೆಣಸಿನ ನೀರಿನ ಪತ್ರ ಬರೆದು ಸರಿಯಾಗಿ ಇನ್ನೂರು ವರ್ಷಗಳ ಮೇಲೆ. ಈ ವಿಳಂಬಕ್ಕೆ ಗೋಪ್ಯವೊಂದೇ ಕಾರಣವೆನ್ನಲಾಗದು. ಆದರೆ ಹಂಚದ ಅರಿವು ಅರಿತವನೊಡನೆಯೇ ಮಣ್ಣಾಗುತ್ತದೆಂಬುದು ನಿಜ.

2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನ್ಯೂಟ್ರಾನ್ ಕಿರಣಗಳ ನೆರವಿನಿಂದ ಆತನ ಉಪಕರಣವೊಂದರ ಒಳಗನ್ನು ನೋಡಿತು. ಅಲ್ಲಿದ್ದುದು ಗಾಜಿನ ಎಳೆಯನ್ನು ಉರಿಯಲ್ಲಿ ಕರಗಿಸಿ ಮಾಡಿದ ಮಣಿ. ಆ ವಿಧಾನವನ್ನು ರಾಬರ್ಟ್ ಹುಕ್ 1665ರಲ್ಲಿಯೇ ತನ್ನ ಗ್ರಂಥದಲ್ಲಿ ಅಚ್ಚು ಮಾಡಿಸಿದ್ದ! ಜೀವಮಾನವಿಡೀ ಕಾಯ್ದ ಗುಟ್ಟು ತೆರೆದ ಪುಸ್ತಕದಲ್ಲಿತ್ತು. ಆತನ ನಿಜವಾದ ಸಂಪತ್ತು ಗಾಜಿನ ಮಣಿಯಲ್ಲ, ದಿನದಿನವೂ ಬೇಸರಿಸದೆ ನೋಡಿದ ತಾಳ್ಮೆ. ಅದನ್ನು ಕದಿಯಲು ಯಾರಿಂದಲೂ ಆಗದು. ಕಲಿಸಿದ್ದರೆ ಕಡಿಮೆಯಾಗುತ್ತಲೂ ಇರಲಿಲ್ಲ.

ಅಂಥದೇ ಒಂದು ಪುಟ್ಟ ಮಣಿಯನ್ನು ಮಡಿಚಿದ ಕಾಗದಕ್ಕೆ ಕೂಡಿಸಿ, ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಫೋಲ್ಡ್‌ಸ್ಕೋಪ್ ಎಂಬ ಅಗ್ಗದ ಸೂಕ್ಷ್ಮದರ್ಶಕವನ್ನು ಲೋಕದ ಮುಂದಿಟ್ಟರು. ಮಾಡುವ ಬಗೆಯನ್ನೂ ತೆರೆದು ಹೇಳಿದರು. ಇಂದು ಅದು ಅನೇಕ ದೇಶಗಳ ಶಾಲಾ ಮಕ್ಕಳ ಕೈಯಲ್ಲಿದೆ. ಅರಿವೆಯನ್ನು ಹಂಚಿದರೆ ತುಂಡಾಗುತ್ತದೆ. ಅರಿವು ಹಂಚಿದಷ್ಟೂ ಇಡಿಯಾಗಿಯೇ ಉಳಿಯುತ್ತದೆ.