ಕನ್ನಡಿಯಿಂದ ಕಬ್ಬಿಣಕ್ಕೆ

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಹತ್ತಿದ ವ್ಯಾಯಾಮದ ಗೀಳು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಕನ್ನಡಿಯ ಮುಂದೆ ನಿಂತು, ಒಂದೊಂದು ಸ್ನಾಯುವನ್ನೂ ಹತ್ತು ಹನ್ನೆರಡು ಸಲ ದಣಿಸಿ ಬೆಳೆಸುವುದೇ ನಮ್ಮ ಕ್ರಮವಾಗಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ, ವೈದ್ಯರ ಒಪ್ಪಿಗೆ ಪಡೆದು, ಪವರ್‌ಲಿಫ್ಟಿಂಗ್ ಕಲಿಯಲು ಹೊರಟೆವು. ನಮಗೆ ಗುರುವಾದವನು ಮಠದ ವಿದ್ಯಾರ್ಥಿನಿಲಯದ ಒಬ್ಬ ಹುಡುಗ.

1972ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಗೊಂಡ ಈ ಕ್ರೀಡೆಯಲ್ಲಿ ಪರೀಕ್ಷೆಗಳು ಮೂರೇ: ಭಾರವನ್ನು ಹೆಗಲ ಮೇಲೆ ಹೊತ್ತು ಕುಳಿತೇಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೊತ್ತುವ ಬೆಂಚ್ ಪ್ರೆಸ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್. ಪ್ರತಿಯೊಂದಕ್ಕೂ ಮೂರು ಅವಕಾಶ. ಅತ್ಯುತ್ತಮವಾದುವುಗಳ ಮೊತ್ತವೇ ಫಲಿತಾಂಶ. ದೇಹದ ಅಂದಕ್ಕೆ ಇಲ್ಲಿ ಅಂಕವಿಲ್ಲ.

ಮೊದಲ ದಿನ 80 ಕಿಲೋ ಹೊತ್ತು ಕುಳಿತೆದ್ದು ಹುಡುಗನ ಮುಖ ನೋಡಿದೆವು. "ಬುದ್ಧೀ, ಸೊಂಟದ ಮಡಿಕೆ ಮೊಣಕಾಲಿಗಿಂತ ಕೆಳಗಿಳಿಯಲಿಲ್ಲ. ಇದು ಲೆಕ್ಕಕ್ಕೆ ಬಾರದು" ಎಂದನು. ನಿಯಮದಂತೆ ಇಳಿದಾಗ ನಮಗೆ ದಕ್ಕಿದ್ದು 50 ಕಿಲೋ ಮಾತ್ರ. ಮೂವತ್ತು ವರ್ಷಗಳ ಅಭಿಮಾನ ಕುಸಿಯಿತು. ಬಿಟ್ಟುಬಿಡೋಣವೆಂದು ಆ ರಾತ್ರಿ ಅನ್ನಿಸಿತು. ಅಹಂಕಾರ ತೊರೆಯಿರೆಂದು ವೇದಿಕೆಯ ಮೇಲಿಂದ ಹೇಳುವವರು ನಾವೇ!

ಮರುದಿನ 40 ಕಿಲೋದಿಂದ ಆರಂಭಿಸಿದೆವು. ಐದೈದು ಬಾರಿ ಎತ್ತುವುದು, ಮೂರು ನಾಲ್ಕು ನಿಮಿಷ ವಿಶ್ರಮಿಸುವುದು, ಮೈ ಒಪ್ಪಿದ ವಾರ ಎರಡೂವರೆ ಕಿಲೋ ಏರಿಸುವುದು. ದಣಿವೇ ಸಾಧನೆಯೆಂದು ನಂಬಿದ್ದ ನಮಗೆ ನಡುವೆ ಸುಮ್ಮನೆ ಕುಳಿತಿರುವುದೇ ಕಠಿಣವಾಯಿತು. ಆರು ತಿಂಗಳ ಮೇಲೆ ಅದೇ 80 ಕಿಲೋ ನಿಯಮಬದ್ಧವಾಗಿ ಎದ್ದಿತು. ಹುಡುಗ ತಲೆದೂಗಿದನು.

ವಾಚಕರೇ, ನಿಮ್ಮಲ್ಲಿ ಯಾರಾದರೂ ಈ ದಾರಿಗೆ ಬರುವುದಾದರೆ, ಹಳೆಯ ಲೆಕ್ಕವನ್ನು ಹೊಸ್ತಿಲಾಚೆಯೇ ಇಟ್ಟು ಬನ್ನಿರಿ.